ಬಚ್ಚಲ ಸಂದಿಯ ತಾಮ್ರದ ತಗಡು

ಹಳಿಯಾಳದ ನಮ್ಮ ಓಣಿಗೆ ಮೊಟ್ಟಮೊದಲು ರೇಡಿಯೋ ಬಂದದ್ದು ಕರಿಬಸಪ್ಪನ ಮನೆಗೆ. ಚೀನಾದ ಜೊತೆ ಯುದ್ಧವಾಗುವುದಕ್ಕೆ ಮುಂಚಿನ ಬೇಸಿಗೆ ಅದು. ಕರಿಬಸಪ್ಪನಿಗೆ ಪೇಟೆಯಲ್ಲಿ ಅಕ್ಕಿ-ಬೆಲ್ಲದ ಅಂಗಡಿ. ಓಣಿಗೆ ಕರೆಂಟು ಬಂದು ಹೆಚ್ಚು ದಿನವಾಗಿರಲಿಲ್ಲ. ದೀಪದ ಸ್ವಿಚ್ಚು ಒತ್ತುವಾಗ ಅವನಿನ್ನೂ ಮುಖವನ್ನು ಆಚೆ ತಿರುಗಿಸಿಕೊಂಡು, ತೋಳು ಉದ್ದ ಚಾಚಿ ಒತ್ತುತ್ತಿದ್ದ. ಅಂಥವನು ರೇಡಿಯೋ ತಂದನೆಂದರೆ ಅದು ಹೆಂಡತಿ ನೀಲಕ್ಕನ ಹಟ. ಧಾರವಾಡದ ತವರಿಗೆ ಹೋದವಳು ಅಲ್ಲಿ ಅಣ್ಣನ ಮನೆಯಲ್ಲಿ ರೇಡಿಯೋ ಕೇಳಿ ಬಂದಿದ್ದಳು. ಬಂದ ಮೇಲೆ ಊಟಕ್ಕೆ ಬಡಿಸುವಾಗ ಒಂದು ಮಾತೂ ಆಡದೆ, ‘ಮಾತಾಡಾಕ ನಮ್ಮನ್ಯಾಗ ಏನೈತಿ?’ ಎನ್ನುವ ಹಾಗೆ ಬರೀ ಸೌಟು ಕುಟ್ಟುತ್ತಿದ್ದಳಂತೆ. ಹುಬ್ಬಳ್ಳಿಯಿಂದ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕೂಸಿನಂತೆ ಮಲಗಿಕೊಂಡು ರೇಡಿಯೋ ಬಂತು.

ಪೆಟ್ಟಿಗೆ ಬಂದರಾಯಿತೆ? ಮಾಳಿಗೆಯ ಮೇಲೆ ಏರಿಯಲ್ ಕಟ್ಟಬೇಕು, ನೆಲದಲ್ಲಿ ಅರ್ಥಿಂಗ್ ಹುಗಿಯಬೇಕು. ಅದನ್ನು ಬಲ್ಲವನು ಆಗ ಹಳಿಯಾಳದಲ್ಲಿ ಒಬ್ಬನೇ, ತಾಜುದ್ದೀನ. ದಾಂಡೇಲಿಯ ಒಂದು ಗಿರಣಿಯಲ್ಲಿ ಕರೆಂಟಿನ ಕೆಲಸ ಮಾಡಿಕೊಂಡಿದ್ದ ತರುಣ. ಆ ವರ್ಷವೇ ಕೆಲಸ ಬಿಟ್ಟು, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಾಗಿಲಿನ ಅಂಗಡಿ ಹಿಡಿದು, ರೇಡಿಯೋ ಕೂರಿಸುವ, ರಿಪೇರಿ ಮಾಡುವ ಕಸುಬು ಹಿಡಿದಿದ್ದ. ಮುಂಡಗೋಡದ ಅವನ ಮಾವ, ಗಿರಣಿಯ ಪಗಾರ ಒದ್ದು ಬಂದವನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಸಂತೆಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಗಿರಣಿಯಲ್ಲಿ ಅವನ ಜಾಗಕ್ಕೆ ಬೇರೆಯವನು ಬಂದಾಗಿತ್ತು, ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಇನ್ನು ಈ ಕಸುಬೋ, ಅಂಗಡಿಯಲ್ಲಿ ಕೂತು ಮಾಡುವಂಥದಲ್ಲ. ಮನೆಯ ಒಳಗೆ ಹೋಗಬೇಕು, ಮಾಳಿಗೆ ಹತ್ತಬೇಕು, ಹಿತ್ತಲಲ್ಲಿ ಅಗೆಯಬೇಕು. ಮಂದಿ ಬಾಗಿಲು ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕರಿಬಸಪ್ಪನದೇ ಅವನು ಒಳಗೆ ಕಾಲಿಟ್ಟ ಮೊದಲ ಮನೆ. ಬಟ್ಟೆ ಅಂಗಡಿಯ ನಾಗಲಿಂಗಪ್ಪನೂ ಇನ್ನಿಬ್ಬರು ಮೂವರೂ ರೇಡಿಯೋ ತರುವ ಮನಸ್ಸು ಮಾಡಿದ್ದರು. ಆದರೆ ಮೊದಲು ಕರಿಬಸಪ್ಪನ ಮನೆಯಲ್ಲಿ ಹೇಗೆ ಹಾಡುತ್ತದೋ ನೋಡೋಣ ಎಂದು ಕಾದಿದ್ದರು.

ತಾಜುದ್ದೀನನಿಗೆ ಬಾ ಎಂದು ಹೇಳಿದ್ದು ಅಮಾವಾಸ್ಯೆಯ ದಿನ. ಕರಿಬಸಪ್ಪನಂಥ ವ್ಯಾಪಾರಸ್ಥರು ಅಮಾವಾಸ್ಯೆಗೆ ಅಂಗಡಿ ತೆಗೆಯುತ್ತಿರಲಿಲ್ಲ. ತಾನು ಮನೆಯಲ್ಲಿದ್ದಾಗಲೇ ಕೆಲಸವಾಗಲಿ ಎಂದು ಅವನ ಲೆಕ್ಕ. ಅದರಲ್ಲಿ ಬೇರೆ ಏನೂ ಇರಲಿಲ್ಲ.

ಬೆಳಿಗ್ಗೆ ಮಾಳಿಗೆಯ ಎರಡೂ ತುದಿಗೆ ಬಿದಿರ ಗಳು ನಿಲ್ಲಿಸಿ, ನಡುವೆ ತಾಮ್ರದ ತಂತಿ ಎಳೆದು, ತುದಿಗಳಿಗೆ ಪಿಂಗಾಣಿ ಗುಂಡು ಕಟ್ಟಿ ತಾಜುದ್ದೀನ ಏರಿಯಲ್ ಮುಗಿಸಿದ. ಕಿಟಕಿಯ ಹೊರಗೆ ಹಿಡಿಕೆಯ ಸ್ವಿಚ್ಚೊಂದನ್ನು ಕೂರಿಸಿದ. ಹಿಡಿಕೆ ಮೇಲಿದ್ದರೆ ರೇಡಿಯೋ ಹಾಡುತ್ತದೆ. ಮೋಡ ಗುಡುಗಿತೋ, ಹಿಡಿಕೆ ಕೆಳಗೆ ಒತ್ತಬೇಕು, ಆಗ ಏರಿಯಲ್ ಸೀದಾ ನೆಲದ ತಂತಿಗೆ ಕೂಡುತ್ತದೆ. ಸಿಡಿಲು ಬಡಿದರೆ ಹೊರಗಿಂದ ಹೊರಗೇ ಭೂಮಿಗೆ ಇಳಿದುಹೋಗಲಿ, ಮನೆಯ ಹೊಸ್ತಿಲು ದಾಟದಿರಲಿ ಎಂದು ಅವನು ನೀಲಕ್ಕನಿಗೆ ಮತ್ತೆ ಮತ್ತೆ ಹೇಳಿದ. ನೀಲಕ್ಕ ಹಿಡಿಕೆಯನ್ನು ಮೇಲೆ-ಕೆಳಗೆ ಆಡಿಸಿ ಅಭ್ಯಾಸ ಮಾಡಿಕೊಂಡಳು. ಕರಿಬಸಪ್ಪ ದೂರ ನಿಂತು ಎಲ್ಲಕ್ಕೂ ತಲೆ ಆಡಿಸಿದ.

ಮಧ್ಯಾಹ್ನ ನೆಲದ ಕೆಲಸ. ಅರ್ಥಿಂಗಿಗೆ ಯಾವಾಗಲೂ ಹಸಿ ಇರುವ ನೆಲ ಬೇಕು. ಬೇಸಿಗೆಯಲ್ಲಿ ಅಂಥ ಜಾಗ ಒಂದೇ: ಕರಿಬಸಪ್ಪನ ಮನೆಗೂ ಪಕ್ಕದ ಈರಕ್ಕನ ಮನೆಗೂ ನಡುವಿನ ಸಂದಿ. ಎರಡೂ ಮನೆಯ ಬಚ್ಚಲ ನೀರು ಅಲ್ಲೇ ಹರಿಯುತ್ತಿತ್ತು. ಓಣಿಗೆ ಓಣಿಯೇ ಉಂಡು ಮಲಗಿದ್ದ ಹೊತ್ತಿನಲ್ಲಿ ತಾಜುದ್ದೀನ ಈರಕ್ಕನ ಗೋಡೆಯ ಬುಡದಲ್ಲಿ ಗುಂಡಿ ತೆಗೆದ. ಕೆಲಸ ಶುರುಮಾಡುವಾಗ ರೂಢಿಯಂತೆ ಬಾಯಲ್ಲೇ ದೇವರ ಹೆಸರು ಹೇಳಿಕೊಂಡ. ತಂತಿ ಬಿಗಿದ ತಾಮ್ರದ ತಗಡನ್ನು ತಳದಲ್ಲಿ ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಸಾಣಿಕಟ್ಟೆಯ ಹರಳುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಹಾಕಿದ. ಎರಡೂ ಸೇರಿ ನೆಲದ ಹಸಿಯನ್ನು ಹಿಡಿದಿಡುತ್ತವೆ. ಮೇಲೆ ಮಣ್ಣು ಮುಚ್ಚಿ ಒಂದು ಕೊಡ ನೀರು ಸುರಿದ.

ಈರಕ್ಕ ತನ್ನ ಬಚ್ಚಲ ಕಿಂಡಿಯಿಂದ ಇದನ್ನೆಲ್ಲ ನೋಡಿದಳು.

ಈರಕ್ಕನ ಬಗ್ಗೆ ಹೇಳಲೇಬೇಕು. ಗಂಡ ಹೋದ ಮೇಲೆ ಎರಡು ಎಮ್ಮೆ ಕಟ್ಟಿ, ಮನೆಮನೆಗೆ ಹಾಲು ಹಾಕಿ, ಒಬ್ಬಳೇ ಮಗಳು ಶಿವವ್ವನನ್ನು ಬೆಳೆಸಿ ಮದುವೆ ಮಾಡಿದವಳು. ನಾಲಿಗೆ ಚೂರಿ, ಹೊಟ್ಟೆ ಬೆಣ್ಣೆ. ಆ ಶಿವವ್ವ ಈಗ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ದಿನ ತುಂಬುತ್ತಿತ್ತು. ಬಸುರಿ ಮಗಳು ಮಲಗಿದ್ದ ಕೋಣೆಯ ಗೋಡೆಯ ಆಚೆ, ಅಮಾವಾಸ್ಯೆಯ ನಡುಮಧ್ಯಾಹ್ನ ಒಬ್ಬ ಮನುಷ್ಯ ತುಟಿ ಪಿಟಿಪಿಟಿ ಅನ್ನುತ್ತ ಉಪ್ಪು, ಇದ್ದಿಲು, ತಾಮ್ರ ಹುಗಿದ. ಮಾಟವೆಂದರೆ ಹೇಗಿರುತ್ತದೆ ಎಂದು ಅವಳು ಹುಡುಗಿಯಾಗಿದ್ದಾಗಿನಿಂದ ಕೇಳಿದ್ದಳೋ, ಕಣ್ಣೆದುರು ನಡೆದದ್ದು ಅದರ ಪಡಿಯಚ್ಚು.

ಆದರೂ ತಡೆದುಕೊಂಡಳು. ಸಂಜೆ ಕರಿಬಸಪ್ಪನ ಕಟ್ಟೆಯ ಮೇಲೆ ಓಣಿ ತುಂಬಿತು. ಧಾರವಾಡ ಆಕಾಶವಾಣಿಯ ಹಾಡು ಪಕ್ಕದಲ್ಲೇ ಕೂತು ಹಾಡಿದಷ್ಟು ಸ್ಪಷ್ಟ. ಮಠದ ಅಡಿವೆಯ್ಯ ಮುಂದಿನ ಸಾಲಿನಲ್ಲಿ ಜಾಗ ಹಿಡಿದು, ಪೆಟ್ಟಿಗೆಯೊಳಗಿನ ದೀಪ ಆರುವತನಕ ಏಳಲಿಲ್ಲ. ಮರುದಿನ ಪೂಜೆ ಬೇಗ ಮುಗಿಸಿ ಹೊತ್ತಿಗೆ ಮುಂಚೆಯೇ ಬಂದು ಕೂತ. ಈ ಹುಗಿದ ಸಂಗತಿಯನ್ನು ಈರಕ್ಕ ಅವನಿಗೇ ಕೇಳಬಹುದಿತ್ತು. ಆದರೆ ಅಯ್ಯನವರೇ ಆ ಪೆಟ್ಟಿಗೆಯ ಮುಂದೆ ಬಾಯಿ ತೆರೆದು ಕೂತಿರುವುದನ್ನು ಕಂಡು ಅವಳಿಗೆ ಆ ಆಸೆಯೂ ಹೋಯಿತು.

ಒಂದು ದಿನ ಶಿವವ್ವನ ಕಾಲು ಬಾತವು. ಬಸುರಿಯರ ಕಾಲು ಬಾಯುವುದು ಹೊಸದಲ್ಲ, ಆದರೆ ಈರಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ನೀಲಕ್ಕ ನೀರಿಗೆ ಹೋದದ್ದನ್ನು ನೋಡಿ ಗುದ್ದಲಿ ಹಿಡಿದು ಸಂದಿಗಿಳಿದಳು. ತಗಡನ್ನು ಕಿತ್ತು, ತಂತಿ ಹರಿದು, ಮಣ್ಣು ಒರೆಸಿದಳು. ನಮ್ಮ ಕಡೆಯ ಹೆಂಗಸರಿಗೆ ಬೇರೆ ಓದು ಬಾರದಿದ್ದರೂ ಪಾತ್ರೆಯ ಮೇಲೆ ಕೊರೆದ ಹೆಸರು ಓದಲು ಬರುತ್ತದೆ. ಮದುವೆ ಮನೆಗಳಿಗೆ ಕೊಟ್ಟ ಕೊಡಪಾನ ತಿರುಗಿ ತರಬೇಕಾದರೆ ಅದೇ ಗುರುತು. ಆ ತಗಡಿನ ಮೇಲೆಯೂ ಉಳಿಯಿಂದ ಕೊರೆದ ಅಕ್ಷರಗಳಿದ್ದವು. ಈರಕ್ಕ ಬೆರಳಿಟ್ಟು ಓದಿದಳು: ಶಿವವ್ವ.

ಮರುದಿನ ಹಾಲಿನ ಜೊತೆಗೆ ಈ ಸುದ್ದಿಯೂ ಮನೆಮನೆಗೆ ಬಿತ್ತು. ಹಾಲಿಗೆ ಕೆಲವರು ಬೇಡ ಎಂದಾರು, ಸುದ್ದಿಗೆ ಯಾರೂ ಬೇಡ ಎನ್ನಲಿಲ್ಲ.

ಅತ್ತ ಕರಿಬಸಪ್ಪನ ರೇಡಿಯೋ ಗೊರಗೊರ ಎನ್ನತೊಡಗಿತು. ನೋಡಲು ಬಂದ ತಾಜುದ್ದೀನ ಸಂದಿಯಲ್ಲಿ ಅಗೆದ ಗುಂಡಿಯನ್ನೂ, ಕಟ್ಟೆಯ ಮೇಲೆ ತಗಡು ಹಿಡಿದು ನಿಂತ ಈರಕ್ಕನನ್ನೂ, ಅವಳ ಹಿಂದೆ ಅರ್ಧ ಓಣಿಯನ್ನೂ ಕಂಡ.

“ಇದರ ಮ್ಯಾಲೆ ನನ್ನ ಮಗಳ ಹೆಸರು ಹೆಂಗ ಬಂತು? ಅಷ್ಟ ಹೇಳು ನೀ,” ಎಂದಳು ಈರಕ್ಕ. ದನಿ ಏರಿಸಲಿಲ್ಲ. ಅವಳು ದನಿ ಏರಿಸದಿದ್ದಾಗಲೇ ನಾವು ಹೆದರುತ್ತಿದ್ದದ್ದು.

ತಾಜುದ್ದೀನ ತಗಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ನಾ ಉರ್ದು ಸಾಲಿ ಕಲಿತಾಂವ್ರಿ ಅವ್ವಾರ. ಈ ಅಕ್ಷರಾ ನನಗ ಓದಾಕ ಬರೂದಿಲ್ಲ. ತಾಂಬಟಗಾರ ಶಂಕ್ರಪ್ಪನ ಕಡೆ ಹಳೇ ತಾಮ್ರಾ ತಂದೇನಿ, ಇದು ಅವರ ಗುರುತು ಇರಬೇಕಂತ ಮಾಡಿದ್ದೆ.”

ನಿಜವೇ. ಆದರೆ ಅಲ್ಲಿ ನಿಂತವರಿಗೆ ಅದು ಸುಳ್ಳಿಗಿಂತ ಕೆಟ್ಟದಾಗಿ ಕೇಳಿಸಿತು. ಶಂಕ್ರಪ್ಪನನ್ನು ಕರೆಯೋಣವೆಂದರೆ ಅವನು ಪಾತ್ರೆ ಹೇರಿಕೊಂಡು ಮುಂಡಗೋಡದ ಸಂತೆಗೆ ಹೋಗಿದ್ದ. ತಗಡನ್ನು ಮರಳಿ ಹುಗಿಯಲು ಬಿಡಿ ಎಂದು ತಾಜುದ್ದೀನ ಕೇಳಿದ. ಈರಕ್ಕ ಅದನ್ನು ಅವನ ಕೈಯಿಂದ ಕಿತ್ತು ಸೆರಗಿನಲ್ಲಿ ಸುತ್ತಿ ಒಳಗೊಯ್ದಳು. ಅಷ್ಟರಲ್ಲಿ ನಾಗಲಿಂಗಪ್ಪನ ಮನೆಯಿಂದ ಆಳು ಬಂದು, ರೇಡಿಯೋದ ವಿಚಾರ ಸದ್ಯಕ್ಕೆ ಬಿಟ್ಟಿದ್ದೇವೆಂದು ಹೇಳಿ ಹೋದ.

ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಮುಂಗಾರಿಗೆ ಮುಂಚಿನ ಗುಡುಗಿನ ಮಳೆ. ತಾಜುದ್ದೀನ ಒಮ್ಮೆ ಮುಗಿಲು ನೋಡಿದ, ಒಮ್ಮೆ ಮಾಳಿಗೆಯ ಮೇಲಿನ ತಂತಿ ನೋಡಿದ. ನೆಲದಲ್ಲಿ ತಗಡಿಲ್ಲ, ಹಿಡಿಕೆ ಕೆಳಗೆ ಒತ್ತಿದರೂ ಸಿಡಿಲಿಗೆ ಹೋಗಲು ಹಾದಿಯಿಲ್ಲ. ಏಣಿ ತಂದು ಮಾಳಿಗೆಗೆ ಇಟ್ಟ.

ಕರಿಬಸಪ್ಪ ಏಣಿ ಹಿಡಿದುಕೊಂಡು ಬಿಡಲೇ ಇಲ್ಲ. “ಇಳಿಸಬ್ಯಾಡೋ ಮಾರಾಯಾ. ನಾಳೆ ಮಂದಿ ಏನಂತಾರ? ತಪ್ಪು ಮಾಡಿದ್ದಾ, ಅದಕ್ಕ ಬಿಚ್ಚಿಕೊಂಡು ಹೊಂಟಾ ಅಂತಾರ. ನಿನ್ನ ಅಂಗಡಿ ಮುಚ್ಚಿದಂಗ ಲೆಕ್ಕ.”

“ಅನ್ನಲಿ ಬಿಡ್ರಿ ಸಾಹುಕಾರ್ರ. ಮಂದಿ ಮಾತಿಗೆ ಸಿಡ್ಲು ನಿಂದ್ರೂದಿಲ್ಲ. ಒಳಗ ನೀಲಕ್ಕಾರು ಅದಾರ, ಗ್ವಾಡಿ ಆಚೆ ಬಸುರಿ ಹೆಂಗ್ಸು ಅದಾಳ.”

ತಂತಿ ಸುತ್ತಿ, ಗಳು ಇಳಿಸಿ, ಎಲ್ಲವನ್ನೂ ಕಟ್ಟೆಯ ಬದಿಗೆ ಇಟ್ಟು ತಾಜುದ್ದೀನ ನಡೆದುಬಿಟ್ಟ. ಕರಿಬಸಪ್ಪ ಹೇಳಿದಂತೆಯೇ ಆಯಿತು: ನೋಡಿದಿರಾ, ತಾನೇ ಕಿತ್ತುಕೊಂಡು ಹೋದ ಎಂದು ಓಣಿ ಆಡಿಕೊಂಡಿತು. ಮಳೆ ಬಂತು, ಗುಡುಗಿತು, ಹೋಯಿತು. ಕಟ್ಟೆಯ ಮೇಲೆ ಅಡಿವೆಯ್ಯ ಒಬ್ಬನೇ ಮೂಕ ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ಕೂತಿದ್ದು, ಕೊಡೆ ಬಿಚ್ಚಿಕೊಂಡು ಮಠಕ್ಕೆ ಹೋದ.

ಬೆಳಗಾದ ಮೇಲೆ ಈರಕ್ಕ ಎಮ್ಮೆ ಹಿಂಡಿ ಏಳುವಷ್ಟರಲ್ಲಿ ಅಂಗಳದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತಲೆ ತುಂಬ ಸೆರಗು, ಮುಂದಕ್ಕೆ ಬಂದ ಹೊಟ್ಟೆ, ಹೆಗಲ ಮೇಲೆ ಕಬ್ಬಿಣದ ಹಾರೆ. ತಾನು ತಾಜುದ್ದೀನನ ಹೆಂಡತಿ ರಜಿಯಾ ಎಂದಳು.

ಈರಕ್ಕ ಮೊದಲು ನೋಡಿದ್ದು ಹಾರೆ. “ಬಸುರಿ ಹೆಂಗ್ಸು ಹಾರಿ ಹೊತ್ಕೊಂಡು ಬರ್ತಾರೇನವಾ? ಇಳಸು ಅದನ್ನ. ಎಷ್ಟ ತಿಂಗಳ ನಿನಗ?”

“ಏಳ ತುಂಬೇತ್ರಿ.”

“ಕೂಡು ಅಲ್ಲೆ. ಮಜ್ಜಿಗಿ ಕೊಡ್ತೀನಿ.”

“ಮಜ್ಜಿಗಿ ಆಮ್ಯಾಲೆ ಕುಡೀತೀನ್ರಿ ಈರಕ್ಕಾರ,” ಎಂದಳು ರಜಿಯಾ, ನಿಂತಲ್ಲೇ. “ಮೊದಲ ನೀವು ನಮ್ಮ ಮನೀಗೆ ಬರ್ರಿ. ನಾ ಮಲಗೂ ಖೋಲಿ ಗ್ವಾಡಿಗೇ ಇವರು ರೇಡಿಯೋ ಹಚ್ಚಿ ನೋಡಾಕಂತ ಹಿಂತಾದೊಂದು ಗುಂಡಿ ತಗದಾರ. ಅದೇ ಉಪ್ಪು, ಅದೇ ಇದ್ದಲಿ, ಅದೇ ತಾಮ್ರಾ. ನಿಮ್ಮ ಕೈಲೇ ಅಗಿರಿ. ಹೊಟ್ಟ್ಯಾಗಿನ ತನ್ನ ಕೂಸಿಗೆ ಮಾಟಾ ಮಾಡಾಂವ ಈ ಹಳಿಯಾಳದಾಗ ಯಾಂವ ಅದಾನ, ನಾನೂ ನೋಡತೇನಿ.”

ಈರಕ್ಕ ಹಾರೆಯನ್ನು ರಜಿಯಾಳ ಕೈಯಿಂದ ಕಿತ್ತು ತನ್ನ ಹೆಗಲಿಗೆ ಹಾಕಿಕೊಂಡು, ನಡಿ ಎಂದಳು. ಓಣಿಯೂ ಹಿಂದೆ ನಡೆಯಿತು. ನೀಲಕ್ಕ ಒಲೆ ಮೇಲಿನ ಹಾಲು ಕೆಳಗಿಳಿಸದೆ ಬಂದಳು, ಆ ಹಾಲು ಉಕ್ಕಿ ಹೋದದ್ದನ್ನು ಕರಿಬಸಪ್ಪ ವರ್ಷಗಟ್ಟಲೆ ಹೇಳುತ್ತಿದ್ದ.

ಬಸ್‌ಸ್ಟ್ಯಾಂಡಿನ ಹಿಂದಿನ ಆ ಬಾಡಿಗೆ ಮನೆಯಲ್ಲಿ ತಾಜುದ್ದೀನ ಬಾಗಿಲಲ್ಲಿ ಕೂತು ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದ. ಇಷ್ಟು ಮಂದಿಯನ್ನು ಹಾರೆಯ ಸಮೇತ ಕಂಡು ಎದ್ದು ನಿಂತ. ಅವನಿಗೆ ಏನೂ ಗೊತ್ತಿರಲಿಲ್ಲ. ರಜಿಯಾ ಅವನನ್ನು ಕೈಸನ್ನೆಯಿಂದ ಬದಿಗೆ ಸರಿಸಿ, ಬಚ್ಚಲ ಪಕ್ಕದ ಜಾಗ ತೋರಿಸಿದಳು. ಈರಕ್ಕ ಸೆರಗು ಸಿಕ್ಕಿಸಿ ಅಗೆದಳು. ಮೊದಲು ಉಪ್ಪು ಬಂತು, ಆಮೇಲೆ ಇದ್ದಿಲು, ಕಡೆಗೆ ತಾಮ್ರದ ಅಂಚು. ಎಳೆದಳು, ಸೆರಗಿನಿಂದ ತಿಕ್ಕಿದಳು. ಇದರ ಮೇಲೆಯೂ ಅಕ್ಷರಗಳಿದ್ದವು.

ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಹಸಿ ಮಣ್ಣಿನಲ್ಲೇ ಕುಸಿದು ಕೂತುಬಿಟ್ಟಳು. ಅವಳ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ರಜಿಯಾ ಬಗ್ಗಿ ಹಿಡಿಯಹೋದರೆ, ಈರಕ್ಕ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡು ತಗಡನ್ನು ನೀಲಕ್ಕನ ಕೈಗೆ ಕೊಟ್ಟಳು. ನೀಲಕ್ಕ ಎಲ್ಲರಿಗೂ ಕೇಳುವಂತೆ ಓದಿದಳು:

“ಅಜ್ಜಿ ಮಹಾದೇವಕ್ಕನ ಮುಯ್ಯಿ.”

ಮಹಾದೇವಕ್ಕ ಎಂದರೆ ಈರಕ್ಕನ ತಾಯಿ. ತೀರಿಕೊಂಡು ಬಹಳ ವರ್ಷವಾಗಿತ್ತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಆಕೆ ದೊಡ್ಡದೊಂದು ತಾಮ್ರದ ಹಂಡೆ ಮುಯ್ಯಿ ಮಾಡಿ, ಅಂಚಿನ ಸುತ್ತ ಕೂಸಿನ ಹೆಸರನ್ನೂ ತನ್ನ ಹೆಸರನ್ನೂ ಕೊರೆಸಿದ್ದಳು. ಹಂಡೆ ಹಳೆಯದಾಗಿ ಸೋರತೊಡಗಿದಾಗ ಈರಕ್ಕ ಅದನ್ನು ಶಂಕ್ರಪ್ಪನಿಗೆ ಹಾಕಿ ಹೊಸ ಕೊಡ ತಂದಿದ್ದಳು. ಶಂಕ್ರಪ್ಪ ಅದನ್ನು ಬಡಿದು ಹಾಸಿ ತಗಡು ಮಾಡಿದ್ದ. ತಾಜುದ್ದೀನ ಅದನ್ನು ಕೊಂಡು ಎರಡು ತುಂಡು ಮಾಡಿ ಒಂದನ್ನು ತನ್ನ ಮನೆಗೆ, ಒಂದನ್ನು ಕರಿಬಸಪ್ಪನ ಮನೆಗೆ ಹಾಕಿದ್ದ. ಮಗಳ ಹೆಸರು ಕರಿಬಸಪ್ಪನ ಗುಂಡಿಗೆ ಹೋದದ್ದು ಹೀಗೆ. ಹೆಸರಿದ್ದ ಹಂಡೆಯನ್ನು ಪೇಟೆಗೆ ಹೊತ್ತು ಹಾಕಿದವಳು ಈರಕ್ಕನೇ.

“ನನ್ನ ಹಂಡೆ,” ಎಂದಳು ಈರಕ್ಕ, ಉಸಿರು ಸಿಕ್ಕಾಗ. “ನಮ್ಮವ್ವನ ಹಂಡೆ. ದಿನಾ ಅದರಾಗ ನೀರು ಕಾಸಿ ನನ್ನ ಮಗಳಿಗೆ ಎರದೇನಿ, ಚಪ್ಪಟಿ ಮಾಡಿದ ಕೂಡ್ಲೇ ನನಗ ಗುರುತು ಸಿಗಲಿಲ್ಲ ನೋಡ್ರಿ.”

ನಗೆ ಒಬ್ಬರಿಂದ ಒಬ್ಬರಿಗೆ ಹತ್ತಿತು. ರಜಿಯಾ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಕ್ಕಳು. ಕಡೆಗೆ ತಾಜುದ್ದೀನನ ಮುಖವೂ ಸಡಿಲಿತು. ಪೆಟ್ಟಿಗೆಗೆ ತುಂಬಿದ ಸಾಮಾನನ್ನು ಒಂದೊಂದೇ ಹೊರಗೆ ತೆಗೆದಿಡತೊಡಗಿದ.

ಮನೆಗೆ ಬಂದ ಮೇಲೆ ಇನ್ನೊಂದು ಕತೆ. ಹಂಡೆ ಮಾರಿದ್ದನ್ನು ಈರಕ್ಕ ಮಗಳಿಗೆ ಹೇಳಿರಲಿಲ್ಲ. ಅಜ್ಜಿಯ ಹಂಡೆ ಎಲ್ಲಿ ಎಂದು ಶಿವವ್ವ ಬಂದ ದಿನವೇ ಕೇಳಿದ್ದಕ್ಕೆ, ಯಾರದೋ ಮದುವೆಗೆ ಕೊಟ್ಟಿದ್ದೇನೆ ಎಂದಿದ್ದಳು. ಈಗ ಎರಡೂ ತಗಡು ಮಗಳ ಮುಂದೆ ಇಟ್ಟು ತಲೆ ತಗ್ಗಿಸಿ ಕೂತಳು. ಶಿವವ್ವ ಎರಡನ್ನೂ ಜೋಡಿಸಿ, ಅಕ್ಷರದ ಮೇಲೆ ಕೈಯಾಡಿಸಿದಳು.

“ಯವ್ವಾ, ಮಾಟಾ ಯಾರರೆ ಮಾಡಿದ್ರ ಅಜ್ಜಿನ ಮಾಡ್ಯಾಳ ನೋಡು,” ಎಂದಳು. “ತನ್ನ ಹಂಡೆ ಮಾರಿದ್ದಕ್ಕ ನಿನ್ನ ಕೈಲೇ ಎರಡು ಮನೀ ಹಿತ್ತಲ ಅಗಿಸ್ಯಾಳ.”

ಆ ಮಧ್ಯಾಹ್ನವೇ ಸಂದಿಯ ಗುಂಡಿಗೆ ತಗಡು ಮರಳಿತು. ತಂತಿಯನ್ನು ತಾಜುದ್ದೀನ ಬಿಗಿದ, ಉಳಿದದ್ದನ್ನು ಈರಕ್ಕ ಯಾರಿಗೂ ಮುಟ್ಟಗೊಡಲಿಲ್ಲ. ಇದ್ದಿಲು ಹಾಸಿದಳು, ಉಪ್ಪು ಸುರಿದಳು, ಮಣ್ಣು ಮುಚ್ಚಿ ಕಾಲಲ್ಲಿ ತುಳಿದು ಗಟ್ಟಿ ಮಾಡಿದಳು. ಗಳು ಎದ್ದವು, ತಂತಿ ಏರಿತು, ಸಂಜೆಗೆ ಧಾರವಾಡ ಮತ್ತೆ ಹಾಡಿತು. ಈರಕ್ಕ ತಪ್ಪಾಯಿತು ಎಂದು ಯಾರಿಗೂ ಹೇಳಲಿಲ್ಲ, ಅದು ಅವಳ ಬಾಯಿಗೆ ಬರುವ ಮಾತಲ್ಲ. ಅದರ ಬದಲು ತಾಜುದ್ದೀನನಿಗೆ, “ನಾಳಿಂದ ನಿಮ್ಮ ಮನೀಗೆ ಹಾಲು ನಾ ಹಾಕ್ತೀನಿ. ಕೂಸು ಹುಟ್ಟೂತನಕ ಆಕೀಗೆ ಹಾರಿ ಮುಟ್ಟಗೊಡಬ್ಯಾಡ,” ಎಂದಳು.

ಮರುದಿನದ ಹಾಲಿನ ಜೊತೆಗೆ ಹೊಸ ಸುದ್ದಿ ಹೊರಟಿತು. ಹಳೆಯದಕ್ಕಿಂತ ಇದು ಬೇಗ ಹರಿಯಿತು, ಯಾಕೆಂದರೆ ಇದನ್ನು ಹೇಳುವಾಗ ಈರಕ್ಕ ಪ್ರತಿ ಮನೆಯಲ್ಲೂ ಒಮ್ಮೆ ಕೂತು ನಗಬೇಕಾಗುತ್ತಿತ್ತು. ಏರಿಯಲ್ ಎಂದರೇನು, ನೆಲದ ತಂತಿ ಯಾಕೆ, ಗುಡುಗಿದಾಗ ಹಿಡಿಕೆ ಎತ್ತ ಒತ್ತಬೇಕು, ಎಲ್ಲವನ್ನೂ ಹಾಲು ಅಳೆಯುತ್ತಲೇ ಹೇಳಿದಳು. ಮಳೆ ಬರುವಂತಿದ್ದರೆ ತನ್ನ ಬಚ್ಚಲ ಕಿಂಡಿಯಿಂದಲೇ ಕೂಗಿ ನೀಲಕ್ಕನಿಂದ ಹಿಡಿಕೆ ಇಳಿಸಿಸುತ್ತಿದ್ದಳು. ಆ ವಾರದೊಳಗೇ ಶಿವವ್ವ ಹಗುರಾದಳು, ಗಂಡು ಕೂಸು, ದನಿ ದೊಡ್ಡದು.

ನಾಗಲಿಂಗಪ್ಪ ತಾನೇ ನಡೆದುಕೊಂಡು ಬಂದು ತಾಜುದ್ದೀನನನ್ನು ಕರೆದ. ಈ ಸಲ ತಾಜುದ್ದೀನ ತಾಮ್ರದ ತಗಡನ್ನು ಹುಬ್ಬಳ್ಳಿಯಿಂದಲೇ ತರಿಸಿದ್ದ. ಹೊಸದು, ನುಣುಪು, ಒಂದು ಅಕ್ಷರವಿಲ್ಲದ್ದು. ಹಿತ್ತಲಲ್ಲಿ ಅದನ್ನು ಹೊರತೆಗೆದು ಇಟ್ಟ. ನಾಗಲಿಂಗಪ್ಪನ ಮುದಿ ತಾಯಿ ಗಿರಿಜಾಬಾಯಿ ಕೋಲೂರಿಕೊಂಡು ಬಂದು ಅದನ್ನು ನೋಡಿ, ಬೇಡ ಎಂದಳು.

“ಯಾವ ಊರಿಂದೋ ಏನೋ, ಯಾರ ಹೆಸರೂ ಇಲ್ಲ ಅದರ ಮ್ಯಾಲೆ. ನಮ್ಮ ಮನೀ ಸಿಡ್ಲು ಅದು ಯಾಕ ಹೊತ್ತೀತು?” ಎಂದು ಕೇಳಿದಳು. ಸೊಸೆಗೆ ಹೇಳಿ ಅಟ್ಟದಿಂದ ಒಂದು ಒಡಕು ತಾಮ್ರದ ಕೊಪ್ಪರಿಗೆ ಇಳಿಸಿದಳು. ತನ್ನ ಮದುವೆಯದು.

ತಾಮ್ರ ಹಳೆಯದಾದರೂ ದಪ್ಪವಾಗಿತ್ತು. ಉಗುರಿನಿಂದ ಬಡಿದು ನೋಡಿ ತಾಜುದ್ದೀನ, ನಡೆಯುತ್ತದೆ ಎಂದ. ಹಾಲು ಹಾಕಲು ಬಂದಿದ್ದ ಈರಕ್ಕ ತಂಬಿಗೆ ಕೆಳಗಿಟ್ಟು, ಗುಂಡಿಗೆ ಅವನು ಗುರುತು ಮಾಡಿದ ಜಾಗ ಒಣ ನೆಲವೆಂದೂ, ಇನ್ನೂ ಬಚ್ಚಲ ಕಡೆಗೆ ಸರಿಯಬೇಕೆಂದೂ ಹೇಳಿದಳು. ಅವನು ಸರಿದ. ತಗಡು ಕತ್ತರಿಸಿ ತಂತಿ ಬಿಗಿದ ಮೇಲೆ, ಗುಂಡಿಗೆ ಇಳಿಸುವ ಮುಂಚೆ ಅದನ್ನು ಅಜ್ಜಿಯ ಮುಂದೆ ಹಿಡಿದ.

“ಇದರ ಮ್ಯಾಲೆ ಏನ ಬರದೈತಿ, ಓದ್ರಿ ಅಜ್ಜೀ,” ಎಂದ. “ಜರಾ ಜೋರಾಗಿ ಓದ್ರಿ, ನೆರೀ ಮನೆಯವರಿಗೂ ಕೇಳಲಿ.”

ಗಿರಿಜಾಬಾಯಿ ಕೋಲನ್ನು ಸೊಸೆಯ ಕೈಗೆ ಕೊಟ್ಟು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತನ್ನ ಅಪ್ಪನ ಹೆಸರು ಓದಿದಳು. ಸುತ್ತಲ ಗೋಡೆಗಳ ಮೇಲಿನಿಂದ ಇಣುಕಿದ್ದ ಹೆಂಗಸರು, ಕೇಳಿತು ಕೇಳಿತು ಎಂದರು. ತಾಜುದ್ದೀನ ಉಪ್ಪಿನ ಚೀಲ ಬಿಚ್ಚಿದ.